3 ವರ್ಷದ ಮಗಳಿಗೆ ಮೊದಲ ಸ್ಕೂಟರ್: ಮೂರು ಗಾಲಿಯದಾ, ಎರಡು ಗಾಲಿಯದಾ?

ಪುಟ್ಟಿಯಪ್ಪ (ಮೈಸೂರು)
ಎಲ್ಲರಿಗೂ ನಮಸ್ಕಾರ. ಮಗಳಿಗೆ ಮುಂದಿನ ತಿಂಗಳು 3 ತುಂಬುತ್ತದೆ. ಪಕ್ಕದ ಮನೆ ಹುಡುಗನ ಸ್ಕೂಟರ್ ನೋಡಿದಾಗಿನಿಂದ ಅವಳಿಗೆ ಅದರದ್ದೇ ಜಪ. ಬ್ಯಾಟರಿಯದಲ್ಲ, ಕಾಲಲ್ಲಿ ತಳ್ಳಿಕೊಂಡು ಹೋಗೋದು. ತೂಕ 13 ಕೆಜಿ, ಎತ್ತರ 94 ಸೆಂ.ಮೀ.

ಆನ್‌ಲೈನ್‌ನಲ್ಲಿ ಹುಡುಕಿದರೆ ತಲೆ ಕೆಡುತ್ತದೆ. ಮುಂದೆ ಎರಡು ಗಾಲಿ, ಹಿಂದೆ ಎರಡು ಗಾಲಿ, ಸೀಟ್ ಇರೋದು, ಲೈಟ್ ಮಿನುಗೋದು, ಮ್ಯೂಸಿಕ್ ಬರೋದು. ಭಾಮೈದ ಹೇಳುತ್ತಾನೆ, "ಎರಡು ಗಾಲಿಯದೇ ತಗೊಳ್ಳಿ ಭಾವ, ಇಲ್ಲಾಂದ್ರೆ ಎರಡು ವರ್ಷಕ್ಕೆ ಮೂಲೆ ಸೇರುತ್ತೆ." ನಮ್ಮಮ್ಮ ಸ್ಕೂಟರೇ ಬೇಡ, ಸೈಡ್ ವೀಲ್ ಇರೋ ಸೈಕಲ್ ಕೊಡಿಸು ಅಂತಾರೆ. ಮನೆ ಮುಂದಿನ ರಸ್ತೆ ಗುಂಡಿ. ಹತ್ತಿರದ ಪಾರ್ಕಿನಲ್ಲಿ ಇಂಟರ್‌ಲಾಕ್ ಟೈಲ್ಸ್ ಹಾಕಿದ ದಾರಿ ಇದೆ. ಬಜೆಟ್ 3,000 ರೂ. ಆಸುಪಾಸು. ಅನುಭವ ಇರೋರು ಹೇಳಿ.

ಎರಡು ಮಕ್ಕಳ ತಾಯಿ
ಮೂರು ಗಾಲಿ. ಮುಂದೆ ಎರಡು, ಹಿಂದೆ ಒಂದು. ಮುಗೀತು.

ಧಾರವಾಡದಾಕಿ
ಭಾಮೈದನ ಮಾತು ಕೇಳಬ್ಯಾಡ್ರಿ. 3 ವರ್ಷದ ಕೂಸಿಗೆ ಎರಡು ಗಾಲಿಯದು ಕೊಟ್ಟರೆ ಅದು ಮೊದಲನೇ ದಿನವೇ ಮೂಲೆ ಸೇರುತ್ತದೆ. ಅದರ ಮ್ಯಾಲೆ ನಿಲ್ಲಬೇಕಂದ್ರೆ ಗಾಡಿ ಓಡುತ್ತಿರಬೇಕು, ಓಡಿಸಬೇಕಂದ್ರೆ ನಿಲ್ಲಲಿಕ್ಕೆ ಬರಬೇಕು. 5 ವರ್ಷದ ಮ್ಯಾಲೆ ನೋಡ್ರಿ ಅದನ್ನ.

ಬೇರಿಂಗ್ ಬಸಣ್ಣ
ಮೇಲಿನವರು ಹೇಳಿದ್ದು ಸರಿ. ಆದರೆ ಮೂರು ಗಾಲಿಯಲ್ಲೂ ಎರಡು ಜಾತಿ ಇದೆ, ಅದನ್ನು ಯಾರೂ ಬಿಡಿಸಿ ಹೇಳೋದಿಲ್ಲ.

ಮುಂದೆ ಎರಡು ಗಾಲಿ ಇರುವುದರಲ್ಲಿ ಹೆಚ್ಚಿನವಕ್ಕೆ ಹ್ಯಾಂಡಲ್ ಸೈಕಲ್ ಥರ ತಿರುಗುವುದಿಲ್ಲ. ಮಗು ಬಲಕ್ಕೆ ವಾಲಿದರೆ ಗಾಡಿ ಬಲಕ್ಕೆ, ಎಡಕ್ಕೆ ವಾಲಿದರೆ ಎಡಕ್ಕೆ. ಗಾಲಿಗಳ ನಡುವೆ ಸ್ಪ್ರಿಂಗ್ ಅಥವಾ ರಬ್ಬರ್ ಇರುತ್ತದೆ, ಅದೇ ಮತ್ತೆ ನೇರಕ್ಕೆ ತರುತ್ತದೆ. ಮೈಭಾರ ಎತ್ತ ಹಾಕಿದರೆ ಗಾಡಿ ಎತ್ತ ಹೋಗುತ್ತದೆ ಅನ್ನೋದು ಮಗುವಿಗೆ ಇದರಲ್ಲೇ ಗೊತ್ತಾಗಿಬಿಡುತ್ತದೆ.

ಇನ್ನೊಂದು ಜಾತಿಯಲ್ಲಿ ಮುಂದೆ ಒಂದು, ಹಿಂದೆ ಎರಡು ಗಾಲಿ, ಹ್ಯಾಂಡಲ್ ತಿರುಗುತ್ತದೆ. ನೋಡೋಕೆ ಗಟ್ಟಿಮುಟ್ಟು. ಆದರೆ ವೇಗದಲ್ಲಿದ್ದಾಗ ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಮಗುಚಿಕೊಳ್ಳುತ್ತದೆ. ಅಲ್ಲದೆ ತಳ್ಳುವ ಕಾಲಿನ ಹಿಮ್ಮಡಿ ಹಿಂದಿನ ಗಾಲಿಗೆ ಬಡಿಯುತ್ತಲೇ ಇರುತ್ತದೆ. ಇದು ಬೇಡ.

ಮಲ್ನಾಡ್ ಮಾಣಿ
ಬ್ಯಾಲೆನ್ಸ್ ಬೈಕ್ ಕೊಡಿಸಿ ಸರ್. ಪೆಡಲ್ ಇಲ್ಲದ ಸೈಕಲ್. ಅದರಲ್ಲಿ ಪಳಗಿದ ಮಕ್ಕಳಿಗೆ ಸೈಡ್ ವೀಲ್ ಬೇಕೇ ಆಗಲ್ಲ, ನೇರ ದೊಡ್ಡ ಸೈಕಲ್‌ಗೆ ಹೋಗ್ತಾರೆ. ಸ್ಕೂಟರ್ ಸುಮ್ನೆ ದುಡ್ಡು ದಂಡ.

ಎರಡು ಮಕ್ಕಳ ತಾಯಿ
ಮಾಣಿ, ಅವರು ಕೇಳಿದ್ದು ಸ್ಕೂಟರ್. ಮಗು ಕೇಳಿದ್ದೂ ಸ್ಕೂಟರ್ 😀 ಮಸಾಲೆ ದೋಸೆ ಕೇಳಿದವರಿಗೆ ಇಡ್ಲಿ ಆರೋಗ್ಯಕ್ಕೆ ಒಳ್ಳೇದು ಅನ್ನೋ ಹಾಗಾಯ್ತು.

ಮಲ್ನಾಡ್ ಮಾಣಿ
ಇಡ್ಲಿ ಒಳ್ಳೇದೇ ಅಲ್ವಾ?

ಮ್ಯೂನಿಕ್ ಕನ್ನಡತಿ
ಇಲ್ಲಿ ಜರ್ಮನಿಯಲ್ಲಿ ಎರಡೂ ಇರುತ್ತವೆ, ಯಾರೂ ಜಗಳ ಆಡಲ್ಲ. ಕಿಂಡರ್‌ಗಾರ್ಟನ್ ಗೇಟಿನ ಮುಂದೆ ಬೆಳಗ್ಗೆ ನೋಡಿದರೆ ಪುಟ್ಟ ಪುಟ್ಟ ಸ್ಕೂಟರ್‌ಗಳು, ಬ್ಯಾಲೆನ್ಸ್ ಬೈಕ್‌ಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಬ್ಯಾಲೆನ್ಸ್ ಬೈಕಿನ ಮೂಲವೂ ಇಲ್ಲೇ. 1817ರಲ್ಲಿ ಕಾರ್ಲ್ ಡ್ರೈಸ್ ಅನ್ನೋರು ಪೆಡಲ್ ಇಲ್ಲದ ಎರಡು ಗಾಲಿಯ ಗಾಡಿ ಮಾಡಿ, ಕಾಲಲ್ಲಿ ನೆಲ ಒದ್ದುಕೊಂಡು ಮ್ಯಾನ್‌ಹೈಮ್‌ನಲ್ಲಿ ಓಡಿಸಿದರು. ಆಗ ಅದು ದೊಡ್ಡವರ ಗಾಡಿ.

ಆದರೆ ಇಲ್ಲಿಯ ಅನುಭವ ಅಲ್ಲಿಗೆ ಪೂರ್ತಿ ಹೊಂದಲ್ಲ. ಇಲ್ಲಿ ಫುಟ್‌ಪಾತ್ ಮನೆಯಿಂದ ಶಾಲೆವರೆಗೆ ತುಂಡಾಗದೆ ಹೋಗುತ್ತದೆ. ಊರಿಗೆ ಬಂದಾಗ ಮಗನ ಸ್ಕೂಟರ್ ತಂದಿದ್ದೆವು, ರಾಜಾಜಿನಗರದಲ್ಲಿ ಅಮ್ಮನ ಮನೆ. ಫುಟ್‌ಪಾತಿನಲ್ಲಿ ಕಲ್ಲುಚಪ್ಪಡಿ, ಮರದ ಬೇರು, ಟ್ರಾನ್ಸ್‌ಫಾರ್ಮರ್, ಅದರ ಪಕ್ಕ ಎಳನೀರು ಗಾಡಿ. ಅವನು ಓಡಿಸಿದ್ದಕ್ಕಿಂತ ನಾನು ಹೊತ್ತಿದ್ದೇ ಜಾಸ್ತಿ. ಆದ್ದರಿಂದ ಸ್ಕೂಟರ್‌ನ ತೂಕ ನೋಡಿ. ಮೂರು ಗಾಲಿಯದು 2 ಕೆಜಿ ಹತ್ತಿರ ಇದ್ದರೆ ಒಂದು ಕೈಲಿ ಅದು, ಇನ್ನೊಂದು ಕೈಲಿ ಮಗು. 4 ಕೆಜಿ ಆದರೆ ಗಂಡನೂ ಬರಬೇಕು.

ಕುಡ್ಲದವ
ಹೌದು ಮಾರಾಯ್ರೆ, ನೆಲ ನೋಡದೆ ಸ್ಕೂಟರ್ ನೋಡಿ ಏನು ಪ್ರಯೋಜನ? ನಮ್ಮ ಕಡೆ ಅಂಗಳಕ್ಕೆ ಕೆಂಪುಕಲ್ಲು, ಮಳೆಗಾಲದಲ್ಲಿ ಹಾವಸೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಕೂಟರ್ ಹಾಲ್‌ನಲ್ಲೇ. ಮೊಸಾಯಿಕ್ ನೆಲದಲ್ಲಿ ಚೆಂದ ಓಡುತ್ತದೆ, ಕುರ್ಚಿ ಕಾಲಿನ ಪೈಂಟ್ ಮಾತ್ರ ಉಳಿದಿಲ್ಲ.

ಮತ್ತೆ ಹೊರಗಿಟ್ಟರೆ ಉಪ್ಪುಗಾಳಿಗೆ ನಟ್ಟುಬೋಲ್ಟು ಎಲ್ಲ ತುಕ್ಕು. ಅಲ್ಯೂಮಿನಿಯಂ ಕಂಬ ಇರುವುದು ತಗೊಳ್ಳಿ.

ಬೇರಿಂಗ್ ಬಸಣ್ಣ
ಗಾಲಿ ಬಗ್ಗೆ ಹೇಳಲೇಬೇಕು. ಹೆಸರೇ ಹಾಗಿದೆಯಲ್ಲ.

ಅಗ್ಗದ ಗಾಡಿಗೆ ಬರೀ ಪ್ಲಾಸ್ಟಿಕ್ ಗಾಲಿ ಹಾಕಿರುತ್ತಾರೆ. ಟೈಲ್ಸ್ ಮೇಲೆ ಗಡಗಡ ಸದ್ದು, ಕೈಗೆಲ್ಲ ಅದುರು. ಪಾಲಿಯುರೆಥೇನ್ ಇದ್ದರೆ, ಅಂಗಡಿಯವರು ಪಿಯು ಅಂತಾರೆ, ಉಗುರಲ್ಲಿ ಒತ್ತಿ ನೋಡಿ, ಒಂಚೂರು ಒಳಗೆ ಹೋಗಿ ಮತ್ತೆ ಮೇಲೆ ಬರುತ್ತದೆ. ಪ್ಲಾಸ್ಟಿಕ್ ಆದರೆ ಉಗುರೇ ಜಾರುತ್ತದೆ. ಮುಂದಿನ ಗಾಲಿ 120 ಮಿ.ಮೀ., ಹಿಂದಿನದು 80 ಮಿ.ಮೀ. ಇದ್ದರೆ ಚಿಕ್ಕವರಿಗೆ ಸಾಕು. ಅದಕ್ಕಿಂತ ಚಿಕ್ಕ ಗಾಲಿ ಟೈಲ್ಸ್ ಸಂದಿಯಲ್ಲಿ, ಜಲ್ಲಿಕಲ್ಲಿನಲ್ಲಿ ಥಟ್ಟನೆ ನಿಲ್ಲುತ್ತದೆ. ಗಾಡಿ ನಿಲ್ಲುತ್ತದೆ, ಮಗು ನಿಲ್ಲುವುದಿಲ್ಲ.

ಕೋಡ್ ಕೊಟ್ರೇಶ
ಬಸಣ್ಣ, ನಾನು ನೋಡಿದ್ದರಲ್ಲಿ ಎಬೆಕ್ 9 ಬೇರಿಂಗ್ ಅಂತ ಬರೆದಿದೆ. ಇನ್ನೊಂದು ಎಬೆಕ್ 5. 9 ಇದ್ದರೆ ಮಗುವಿಗೆ ತುಂಬಾ ಸ್ಪೀಡ್ ಆಗಲ್ವಾ?

ಬೇರಿಂಗ್ ಬಸಣ್ಣ
ಇಲ್ಲ ಗುರು. ಆ ನಂಬರ್ ಬೇರಿಂಗನ್ನು ಎಷ್ಟು ಕರಾರುವಾಕ್ಕಾಗಿ ಕೊರೆದಿದ್ದಾರೆ ಅನ್ನೋದಕ್ಕೆ. ಮಿಷನ್‌ಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ ಲೆಕ್ಕಕ್ಕೆ ಬರುತ್ತದೆ. ಮಗುವಿನ ಸ್ಕೂಟರಿಗೆ 5 ಆದರೇನು, 9 ಆದರೇನು? ಮಣ್ಣು ಹೋದರೆ ಎರಡೂ ಒಂದೇ. ಹೆಚ್ಚಿನ ಸ್ಕೂಟರ್‌ಗೆ ಹಾಕೋದು 608 ನಂಬರಿನ ಬೇರಿಂಗ್. ಒಳಗೆ 8 ಮಿ.ಮೀ., ಹೊರಗೆ 22 ಮಿ.ಮೀ., ದಪ್ಪ 7 ಮಿ.ಮೀ. ಬೇರಿಂಗ್ ಅಂಗಡಿಯಲ್ಲಿ "608 ಕೊಡಿ" ಅಂದರೆ ಸಾಕು. ಹೋದರೆ ಬದಲಾಯಿಸಿ, ಗಾಡಿ ಎಸೀಬೇಡಿ. ಪೈಪ್ ಹಿಡಿದು ಸ್ಕೂಟರ್ ತೊಳೆಯೋರು ಇದ್ದಾರಲ್ಲ, ಅವರಿಗೊಂದು ನಮಸ್ಕಾರ.

ಜಯನಗರದ ಮೇಷ್ಟ್ರು
ಬೇರಿಂಗ್ ಅಂದಕೂಡಲೇ ನನಗೆ ಬಾಯಿ ಮುಚ್ಚಿಕೊಂಡು ಇರೋಕಾಗಲಿಲ್ಲ. ನಾವು ಹುಡುಗರಾಗಿದ್ದಾಗ ಬೇರಿಂಗ್ ಗಾಡಿ ಮಾಡುತ್ತಿದ್ದೆವು. ಲಾರಿ ಗ್ಯಾರೇಜಿನಲ್ಲಿ ಸವೆದ ಬೇರಿಂಗ್ ಕಾಡಿಬೇಡಿ ತರೋದು, ಸೀಮೆಎಣ್ಣೆಯಲ್ಲಿ ನೆನೆಹಾಕಿ ಗ್ರೀಸ್ ಬಿಡಿಸೋದು. ಹಲಗೆ ಕೆಳಗೆ ಅಡ್ಡಕ್ಕೆ ಒಂದು ರೀಪು, ಅದರ ಎರಡು ತುದಿ ಕೆತ್ತಿ ಗುಂಡಗೆ ಮಾಡಿ ಬೇರಿಂಗ್ ಬಡಿದು ಕೂರಿಸೋದು. ಮುಂದೆ ಒಂದೇ ಬೇರಿಂಗು, ಅದು ತಿರುಗೋಕೆ ನಡುವೆ ಒಂದು ಬೋಲ್ಟು. ಕಾಲಲ್ಲೇ ಸ್ಟೇರಿಂಗ್. ಇಳಿಜಾರಿನಲ್ಲಿ ಬಿಟ್ಟರೆ ಟಾರು ರಸ್ತೆ ಮೇಲೆ ಕಿರ್ರೋ ಅಂತ ಸದ್ದು, ಮಧ್ಯಾಹ್ನ ಮಲಗಿದವರೆಲ್ಲ ಎದ್ದು ಬೈಯುತ್ತಿದ್ದರು. ಬ್ರೇಕು ಅಂದರೆ ಹವಾಯಿ ಚಪ್ಪಲಿ.

3,000 ರೂಪಾಯಿ ಕೊಟ್ಟು ತರೋದನ್ನು ನಾವು ಪುಕ್ಕಟೆ ಮಾಡಿಕೊಂಡಿದ್ದೆವು ನೋಡಿ. ಹೆಲ್ಮೆಟ್ಟೂ ಇರಲಿಲ್ಲ, ಏನೂ ಆಗಲಿಲ್ಲ.

ಸೂಜಿಮದ್ದು
ಮೇಷ್ಟ್ರೇ, ಏನೂ ಆಗದೇ ಇದ್ದವರು ಇಲ್ಲಿ ಬರೆಯುತ್ತಿದ್ದಾರೆ. ಆದವರು ಬರೆಯೋಕೆ ಬರೋದಿಲ್ಲ. ನಾನು ನರ್ಸ್. ಚಿಕ್ಕ ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಭಾರ. ಬಿದ್ದರೆ ತಲೆಯೇ ಮೊದಲು ಮುಂದಕ್ಕೆ ಹೋಗುತ್ತದೆ. ಹೆಲ್ಮೆಟ್ ಬೇಕೇ ಬೇಕು.

ಕೊಳ್ಳುವಾಗ ಟೇಪಿನಲ್ಲಿ ತಲೆ ಸುತ್ತಳತೆ ಅಳೆಯಿರಿ, ಹುಬ್ಬಿನ ಸ್ವಲ್ಪ ಮೇಲೆ. ಈ ವಯಸ್ಸಿನವರಿಗೆ ಸಾಮಾನ್ಯವಾಗಿ 48ರಿಂದ 52 ಸೆಂ.ಮೀ. ಒಳಗೆ ಬರುತ್ತದೆ. ಹಾಕಿದ ಮೇಲೆ ಹೆಲ್ಮೆಟ್ ಅಂಚಿಗೂ ಹುಬ್ಬಿಗೂ ಎರಡು ಬೆರಳು ಅಂತರ ಇರಲಿ. ಹೆಚ್ಚಿನವರು ಟೋಪಿ ಥರ ಹಿಂದಕ್ಕೆ ಸರಿಸಿ ಹಾಕ್ತಾರೆ, ಹಣೆ ಪೂರ್ತಿ ಬಯಲು. ಹಾಗೆ ಹಾಕಿದರೆ ಉಪಯೋಗ ಇಲ್ಲ.

ಇನ್ನೊಂದು, ಇದನ್ನು ಯಾರೂ ಹೇಳಲ್ಲ. ಪಾರ್ಕಿನಲ್ಲಿ ಸ್ಕೂಟರ್ ಬಿಟ್ಟು ಜಾರುಬಂಡೆಗೆ ಓಡ್ತಾರಲ್ಲ, ಆಗ ಹೆಲ್ಮೆಟ್ ತೆಗೆಸಿ. ಕಂಬಿ ಸಂದಿಯಲ್ಲಿ ಹೆಲ್ಮೆಟ್ ಸಿಕ್ಕಿಕೊಂಡು ಪಟ್ಟಿ ಕುತ್ತಿಗೆಗೆ ಬಿಗಿಯೋ ಅಪಾಯ ಇದೆ. ಅದಕ್ಕೇ ಯುರೋಪಿನಲ್ಲಿ ಚಿಕ್ಕ ಮಕ್ಕಳ ಹೆಲ್ಮೆಟ್‌ಗೆ ಇಎನ್ 1080 ಅಂತ ಬೇರೆ ಮಾನದಂಡವೇ ಇದೆ. ಜೋರಾಗಿ ಎಳೆದರೆ ಬಕಲ್ ಬಿಟ್ಟುಕೊಳ್ಳುತ್ತದೆ. ಮಾಮೂಲಿ ಸೈಕಲ್ ಹೆಲ್ಮೆಟ್‌ನದು ಇಎನ್ 1078.

ಜಯನಗರದ ಮೇಷ್ಟ್ರು
ಸರಿ ತಾಯಿ. ಮೊಮ್ಮಗನಿಗೆ ಹೇಳುತ್ತೇನೆ. ಹುಬ್ಬಿನ ಮೇಲೆ ಎರಡು ಬೆರಳು ಅಂದರೆ ನನ್ನ ಬೆರಳೋ, ಅವನ ಬೆರಳೋ?

ಸೂಜಿಮದ್ದು
ಅವನದು ಮೇಷ್ಟ್ರೇ 😀 ನಿಮ್ಮ ಬೆರಳಾದರೆ ಒಂದೂವರೆ ಸಾಕು.

ಹೆಬ್ಬಾಳದ ಜಾಮ್
ಮಕ್ಕಳ ಸ್ಕೂಟರಿಗೆ ಹೆಲ್ಮೆಟ್ ಬಗ್ಗೆ ಇಷ್ಟು ಮಾತಾಡ್ತೀರಿ. ಅದೇ ಅಪ್ಪಂದಿರು ಬೆಳಗ್ಗೆ ಮಗುವನ್ನ ಗಾಡಿ ಮುಂದೆ ನಿಲ್ಲಿಸಿಕೊಂಡು ಸ್ಕೂಲಿಗೆ ಹೋಗ್ತಾರೆ. ಅಪ್ಪನ ತಲೆಗೆ ಹೆಲ್ಮೆಟ್, ಮಗು ಬೋಳುತಲೆ. ದಿನಾ ಸಿಗ್ನಲ್‌ನಲ್ಲಿ ನೋಡ್ತೀನಿ.

ಕೋಡ್ ಕೊಟ್ರೇಶ
ಅದಕ್ಕೆ ರೂಲ್ಸ್ ಬಂದಿದೆ ಅಣ್ಣ. 2022ರಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಮಾಡಿತು, 2023ರ ಫೆಬ್ರವರಿಯಿಂದ ಜಾರಿ. 4 ವರ್ಷದೊಳಗಿನ ಮಗುವಿಗೆ ಸವಾರನಿಗೆ ಕಟ್ಟುವ ಸೇಫ್ಟಿ ಬೆಲ್ಟ್, 9 ತಿಂಗಳು ದಾಟಿದ್ದರೆ ಹೆಲ್ಮೆಟ್, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ಆ ನಿಯಮದಲ್ಲಿ ಮಗುವಿಗೆ ಸೈಕಲ್ ಹೆಲ್ಮೆಟ್ಟೂ ನಡೆಯುತ್ತೆ ಅಂತಿದೆ. ಮೇಡಂ ಹೇಳಿದ ಅದೇ ಇಎನ್ 1080, 1078 ನಂಬರು. ಅಂದರೆ ಪುಟ್ಟಿಯಪ್ಪನವರು ಒಂದು ಒಳ್ಳೆ ಹೆಲ್ಮೆಟ್ ತಗೊಂಡರೆ ಎರಡೂ ಕಡೆ ಆಯಿತು.

ಹೆಬ್ಬಾಳದ ಜಾಮ್
40 ಕಿ.ಮೀ.? ನಮ್ಮ ರೋಡಲ್ಲಿ 14 ದಾಟಿದರೆ ಹಬ್ಬ.

ನಿರ್ವಾಹಕರು
ಟ್ರಾಫಿಕ್ ಚರ್ಚೆಗೆ ಬೇರೆ ಕಟ್ಟೆ ಇದೆ. ಮಗುವಿನ ಸ್ಕೂಟರ್‌ಗೆ ವಾಪಸ್ ಬನ್ನಿ.

ಧಾರವಾಡದಾಕಿ
ಲೈಟ್ ಮಿನುಗೋ ಗಾಲಿ ಬಗ್ಗೆ ಯಾರೂ ಹೇಳಲಿಲ್ಲ. ಅದಕ್ಕ ಬ್ಯಾಟರಿ ಇರಂಗಿಲ್ರಿ. ಗಾಲಿ ಒಳಗ ಅಯಸ್ಕಾಂತ, ತಂತಿ ಸುರುಳಿ. ತಿರುಗಿದಂಗ ಕರೆಂಟ್ ಹುಟ್ಟಿ ಹತ್ತುತ್ತದೆ. ನಮ್ಮ ಹುಡುಗಿ ಸಂಜಿ ಮುಂದ ಲೈಟ್ ನೋಡಲಿಕ್ಕಂತ್ಲೇ ಇನ್ನಷ್ಟು ಜೋರು ತಳ್ಳತಿದ್ದಳು. ಮ್ಯೂಸಿಕ್ ಬರೋದು ಮಾತ್ರ ಬ್ಯಾಡ. ಒಂದೇ ಹಾಡು. ನಿಮಗ ಹುಚ್ಚು ಹಿಡಿತದ.

ಫ್ಲ್ಯಾಟ್ ನಂಬರ್ 304
ನಿಮಗೆ ಮಾತ್ರ ಅಲ್ಲ, ಕೆಳಗಿನ ಮನೆಯವರಿಗೂ. ನಮ್ಮ ತಲೆ ಮೇಲೆ ರಾತ್ರಿ ಒಂಬತ್ತಕ್ಕೆ ಪ್ಲಾಸ್ಟಿಕ್ ಗಾಲಿ ಶುರುವಾಗುತ್ತೆ. ದಯವಿಟ್ಟು ಎಲ್ಲರೂ ಬಸಣ್ಣ ಹೇಳಿದ ಉಗುರು ಪರೀಕ್ಷೆ ಮಾಡಿ.

ಶೆಟ್ರ ಸೊಸೆ
ನಮ್ಮದು ಆಟದ ಸಾಮಾನಿನ ಅಂಗಡಿ, ಹಾಗಾಗಿ ಎರಡು ಮಾತು. 2021ರ ಜನವರಿ 1ರಿಂದ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. 14 ವರ್ಷದೊಳಗಿನವರ ಆಟಕ್ಕೆ ಮಾಡಿದ್ದೆಲ್ಲ ಅದರೊಳಗೆ ಬರುತ್ತದೆ. ಪೆಟ್ಟಿಗೆ ಮೇಲೆ ಗುರುತಿನ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ನಂಬರ್ ಇರುತ್ತದೆ. ಬಿಐಎಸ್ ಕೇರ್ ಅನ್ನೋ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾವ ಕಂಪನಿಯ ಲೈಸೆನ್ಸ್, ಚಾಲ್ತಿಯಲ್ಲಿದೆಯಾ ಅಂತ ತೋರಿಸುತ್ತದೆ. ಬರೀ ಗುರುತಿನ ಸ್ಟಿಕರ್ ನೋಡಿ ನಂಬಬೇಡಿ.

ಮಲ್ನಾಡ್ ಮಾಣಿ
ಹಾಗಾದರೆ ಚನ್ನಪಟ್ಟಣದ ಗೊಂಬೆಯವರ ಗತಿ? ಅವರೆಲ್ಲಿ ಲೈಸೆನ್ಸ್ ಮಾಡಿಸ್ತಾರೆ?

ಶೆಟ್ರ ಸೊಸೆ
ಅವರಿಗೆ ವಿನಾಯಿತಿ ಇದೆ. ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ಮಾಡಿದ್ದಕ್ಕೆ, ಜಿಐ, ಅಂದರೆ ಇಂಥ ಊರಿನದೇ ಅನ್ನೋ ಭೌಗೋಳಿಕ ಗುರುತು, ಇರುವ ಆಟಿಕೆಗಳಿಗೆ ಈ ನಿಯಮ ಇಲ್ಲ. ಚನ್ನಪಟ್ಟಣದ್ದು ಜಿಐ.

ಕುಡ್ಲದವ
ತೂಕದ ಮಿತಿ ಬಗ್ಗೆಯೂ ಹೇಳಿ ಅಕ್ಕ. ನಮ್ಮ ಮನೆಯಲ್ಲಿ ಮಗುವಿನ ಸೋದರಮಾವ "ಹೇಗೆ ಓಡಿಸುವುದು ತೋರಿಸುತ್ತೇನೆ" ಅಂತ ಹತ್ತಿದರು. ನಿಲ್ಲುವ ಹಲಗೆ ಟಪ್ ಅಂತ ಎರಡು ಹೋಳು. ಮಗು ಅತ್ತಿದ್ದಕ್ಕಿಂತ ಮಾವ ಜಾಸ್ತಿ ಅತ್ತರು.

ಶೆಟ್ರ ಸೊಸೆ
ಪೆಟ್ಟಿಗೆ ಮೇಲೆಯೇ ಬರೆದಿರುತ್ತದೆ, ಯಾರೂ ಓದಲ್ಲ. ಚಿಕ್ಕವರ ಗಾಡಿಗೆ 20 ಕೆಜಿ ಅಂತಲೂ ಇರುತ್ತದೆ, 50 ಅಂತಲೂ ಇರುತ್ತದೆ. ಭಾಮೈದನ ಚಿಂತೆಗೆ ಉತ್ತರ ಅಲ್ಲೇ ಇದೆ ನೋಡಿ. ಮೂರು ಗಾಲಿಯದೇ, ಆದರೆ 50 ಕೆಜಿಯದು, ಹ್ಯಾಂಡಲ್ ಎತ್ತರಿಸೋಕೆ ಬರುವಂಥದ್ದು ತಗೊಂಡರೆ 6 ವರ್ಷದವರೆಗೂ ನಡೆಯುತ್ತದೆ.

ಗ್ರಾಹಕರ ಒಂದು ಅಭ್ಯಾಸ ಮಾತ್ರ ನನಗೆ ಸೇರಲ್ಲ. ಮಗುವನ್ನು ಕರೆದುಕೊಂಡು ಬರಲ್ಲ, ಸರ್‌ಪ್ರೈಸ್ ಅಂತಾರೆ. ವಾಲಿದರೆ ತಿರುಗುವ ಗಾಡಿಯಲ್ಲಿ ಸ್ಪ್ರಿಂಗ್ ಎಷ್ಟು ಬಿಗಿ ಅನ್ನೋದೇ ಮುಖ್ಯ. ನೀವು ಕೈಯಲ್ಲಿ ಒತ್ತಿದರೆ ಎಲ್ಲವೂ ಬಗ್ಗುತ್ತದೆ. 13 ಕೆಜಿ ಮಗು ವಾಲಿದರೆ ಕೆಲವು ಅಲ್ಲಾಡುವುದೇ ಇಲ್ಲ. ಆಗ ಮಗು ನೇರ ಹೋಗಿ ಗೋಡೆಗೆ ಗುದ್ದುತ್ತದೆ.

ಎರಡು ಮಕ್ಕಳ ತಾಯಿ
ಇದು ನೂರಕ್ಕೆ ನೂರು ನಿಜ. ಆನ್‌ಲೈನ್‌ನಲ್ಲಿ ತರಿಸಿದ ಹೆಸರಿಲ್ಲದ ಗಾಡಿ ನಮ್ಮ ದೊಡ್ಡವನಿಗೆ ಹೀಗೇ ಆಯ್ತು. ಎರಡನೆಯವಳಿಗೆ ಅಂಗಡಿಯಲ್ಲೇ ಓಡಿಸಿ ನೋಡಿದೆವು. ಡೆಕಾಥ್ಲಾನ್‌ನಂಥ ದೊಡ್ಡ ಅಂಗಡಿಯಲ್ಲಿ ಓಡಿಸೋಕೆ ಜಾಗ ಇರುತ್ತೆ. ಅಲ್ಲೇ ತಗೋಬೇಕು ಅಂತಲ್ಲ, ಮಗುವಿಗೆ ಎಂಥದ್ದು ಒಗ್ಗುತ್ತೆ ಗೊತ್ತಾಗುತ್ತೆ.

ಹ್ಯಾಂಡಲ್ ಎತ್ತರ: ಹಲಗೆ ಮೇಲೆ ನಿಂತಾಗ ಹೊಕ್ಕುಳಿಗೂ ಎದೆಗೂ ನಡುವೆ ಬರಬೇಕು. ಗಲ್ಲದ ಮಟ್ಟಕ್ಕೆ ಇದ್ದರೆ ಬಿದ್ದಾಗ ಹಲ್ಲಿಗೆ ಪೆಟ್ಟು. ಹಲಗೆ ನೆಲಕ್ಕೆ ಹತ್ತಿರ ಇರಲಿ. ಎತ್ತರ ಇದ್ದರೆ ಒಂದೊಂದು ಸಲ ತಳ್ಳುವಾಗಲೂ ನಿಂತ ಕಾಲು ಮಂಡಿ ಬಗ್ಗಿಸಬೇಕು, ಬೇಗ ಸುಸ್ತು.

ಪುಟ್ಟಿಯಪ್ಪ (ಮೈಸೂರು)
ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ, ಥ್ಯಾಂಕ್ಸ್. ನಿನ್ನೆ ಸಂಜೆ ಮಗಳನ್ನೇ ಕರೆದುಕೊಂಡು ಅಂಗಡಿಗೆ ಹೋಗಿದ್ದೆ. ಅವಳು ಮೊದಲು ಓಡಿದ್ದು ಮಿನುಗೋ ಗುಲಾಬಿ ಗಾಡಿ ಕಡೆಗೆ. ಹತ್ತಿಸಿದೆ. ಶೆಟ್ರ ಸೊಸೆಯವರು ಹೇಳಿದ್ದೇ ಆಯ್ತು, ಪೂರ್ತಿ ವಾಲಿದಳು, ಗಾಡಿ ಮಾತ್ರ ಸೀದಾ ಹೋಗಿ ಕ್ರಿಕೆಟ್ ಬ್ಯಾಟ್ ಸ್ಟ್ಯಾಂಡಿಗೆ. ಪಕ್ಕದ ನೀಲಿ ಬಣ್ಣದ್ದರಲ್ಲಿ ಹ್ಯಾಂಡಲ್ ಹಿಡಿದು ಒಂದು ಸಲ ಎಡಕ್ಕೆ ತೂಗಿದಳು, ತಾನೇ ತಿರುಗಿತು. ಮುಖ ನೋಡಬೇಕಿತ್ತು. ಗುಲಾಬಿ ಮರೆತೇ ಹೋಯ್ತು.

ನೀಲಿಯದಕ್ಕೆ 2,800 ರೂ. ಹೆಲ್ಮೆಟ್ ಸೇರಿದರೆ ಬಜೆಟ್ ದಾಟುತ್ತೆ, ದಾಟಲಿ. ಒಂದು ಅನುಮಾನ. ಒಂದೇ ಕಾಲಲ್ಲಿ ತಳ್ಳುತ್ತಾಳೆ, ಬಲಗಾಲು ಮಾತ್ರ. ಬದಲಾಯಿಸೋಕೆ ಹೇಳಬೇಕಾ?

ಸೂಜಿಮದ್ದು
ಈಗಲೇ ಒತ್ತಾಯ ಬೇಡ. ಮಕ್ಕಳು ತಮಗೆ ಒಗ್ಗುವ ಕಾಲನ್ನು ತಾವೇ ಆರಿಸಿಕೊಳ್ಳುತ್ತಾರೆ. ಪಳಗಿದ ಮೇಲೆ "ಈಗ ಇನ್ನೊಂದು ಕಾಲಿನ ಸರದಿ" ಅಂತ ಆಟದ ಥರ ಮಾಡಿಸಿ. ಶೂ ಮಾತ್ರ ಕಡ್ಡಾಯ. ಬರಿಗಾಲಲ್ಲಿ ಹೆಬ್ಬೆರಳು ಕಿತ್ತುಕೊಳ್ಳುತ್ತಾರೆ.

ಬೇರಿಂಗ್ ಬಸಣ್ಣ
ಹಿಂದಿನ ಗಾಲಿ ಮೇಲಿನ ಬ್ರೇಕನ್ನು ಮೊದಲ ದಿನವೇ ಕಲಿಸಿ. ನಿಂತ ಗಾಡಿಯಲ್ಲಿ ತುಳಿಸಿ, ಆಮೇಲೆ ನಿಧಾನವಾಗಿ ಹೋಗುವಾಗ. ಚಿಕ್ಕವರಿಗೆ ಒಂದು ಕಾಲೆತ್ತಿ ಹಿಂದೆ ತುಳಿಯೋದು ಸುಲಭ ಅಲ್ಲ. ಹೆಚ್ಚಿನವರು ಕಾಲು ನೆಲಕ್ಕೆ ಎಳೆದೇ ನಿಲ್ಲಿಸ್ತಾರೆ. ಅದಕ್ಕೇ ಇಳಿಜಾರು ಬೇಡ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್ ಅಂತೂ ಬೇಡವೇ ಬೇಡ. ಬ್ರೇಕ್ ಒತ್ತಿ ಒತ್ತಿ ಬಂದ ಮೇಲೆ ಆ ತಗಡು ಮುಟ್ಟಬಾರದು, ಬಿಸಿ ಇರುತ್ತದೆ.

ಕೋಡ್ ಕೊಟ್ರೇಶ
ಬೆಂಗಳೂರಿನವರಿಗೆ: ಭಾನುವಾರ ಕಬ್ಬನ್ ಪಾರ್ಕ್ ಒಳಗಿನ ರಸ್ತೆಗಳಲ್ಲಿ ವಾಹನ ಬಿಡಲ್ಲ. ಬೆಳಗ್ಗೆ ಬೇಗ ಹೋದರೆ ಮಕ್ಕಳಿಗೆ ಅಗಲವಾದ ಟಾರು ರಸ್ತೆ ಸಿಗುತ್ತೆ. ಎಂಟರ ಮೇಲೆ ನಾಯಿ, ಜನ, ಫೋಟೋಶೂಟು.

ಗದಗಿನ ಗೆಳೆಯ
ಇದೇ ಚರ್ಚೆಯಾಗ ಒಂದು ಪ್ರಶ್ನೆ ತೂರಿಸುತ್ತೇನೆ. ನಮ್ಮ ಹುಡುಗನಿಗೆ 7 ವರ್ಷ. ಕಿಕ್ ಸ್ಕೂಟರ್‌ನಾಗ ಹಾರೋದು, ತಿರುಗಿಸೋದು ಯೂಟ್ಯೂಬಿನಾಗ ನೋಡಿ ಸ್ಟಂಟ್ ಸ್ಕೂಟರೇ ಬೇಕು ಅಂತಾನ. ಶಾಲೆಗೂ ಅದರಾಗ ಹೋಗತೀನಿ ಅಂತಾನ. ಆಗುತ್ತದೇನು?

ಬೇರಿಂಗ್ ಬಸಣ್ಣ
ಎರಡೂ ಒಂದರಲ್ಲಿ ಆಗಲ್ಲ. ಸ್ಟಂಟಿನದು ಮಡಚಲ್ಲ, ಹ್ಯಾಂಡಲ್ ಎತ್ತರ ಬದಲಾಗಲ್ಲ, ಗಾಲಿ ಚಿಕ್ಕದು, ಗಟ್ಟಿ. ರಸ್ತೆಯಲ್ಲಿ ಮೈಯೆಲ್ಲ ನಡುಗುತ್ತದೆ. ಓಡಾಟಕ್ಕಾದರೆ 200 ಮಿ.ಮೀ. ಗಾಲಿಯದು, ಮಡಚೋಕೆ ಬರೋದು ನೋಡಿ. ಮಡಚುವ ಜಾಗದಲ್ಲಿ ಬೆರಳು ಸಿಕ್ಕದ ಹಾಗೆ ಕಲಿಸಿ.

ಗದಗಿನ ಗೆಳೆಯ
ಇದನ್ನ ಅವನಿಗೆ ಓದಿ ಹೇಳಿದೆ. "ಹಂಗಾದ್ರ ಎರಡು ಕೊಡಿಸು" ಅಂದ.

ಮಲ್ನಾಡ್ ಮಾಣಿ
ಬ್ಯಾಲೆನ್ಸ್ ಬೈಕ್ ಕೊಡಿಸಿ.

ಎರಡು ಮಕ್ಕಳ ತಾಯಿ
ಮಾಣಿ, ಅವನಿಗೆ 7 ವರ್ಷ!